ತೋಟದ ಶೆಡ್ಡಿಗೆ ಸೋಲಾರ್: ಲೆಕ್ಕ ಪುಷ್ಯ ಮಳೆಗೆ ಹಾಕಿ

ಕೇಳುಗರಿಗೆ ನಮಸ್ಕಾರ.

ತೋಟದ ನಡುವೆ ಒಂದು ಶೆಡ್ಡು. ಒಳಗೆ ಗೊಬ್ಬರದ ಚೀಲ, ಸ್ಪ್ರೇಯರು, ಕತ್ತಿ, ಗುದ್ದಲಿ, ಮೂಲೆಯಲ್ಲೊಂದು ಮಂಚ. ರಾತ್ರಿ ಕಾವಲಿಗೆ ಒಬ್ಬರು ಮಲಗುತ್ತಾರೆ. ಕರೆಂಟ್ ಕಂಬ ಅಲ್ಲಿಂದ ಬಹಳ ದೂರ. ಲೈನ್ ಎಳೆಸೋಣ ಅಂದರೆ ಖರ್ಚು ಜಾಸ್ತಿ. ಎಳೆಸಿದರೂ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಹಾಗಾಗಿ ಸೋಲಾರ್ ಹಾಕಿಸೋಣ ಅಂತ ಮನಸ್ಸು ಮಾಡುವವರು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಬಹಳ ಜನ ಇದ್ದಾರೆ.

ಆದರೆ ಹೆಚ್ಚಿನವರು ಸೀದಾ ಅಂಗಡಿಗೆ ಹೋಗಿ, ಒಂದು ಚಿಕ್ಕ ಪ್ಯಾನೆಲ್ ಕೊಡಿ ಅನ್ನುತ್ತಾರೆ. ಎಷ್ಟು ವ್ಯಾಟಿನದು, ಯಾಕೆ ಅಷ್ಟು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಮಾರ್ಚಿನಲ್ಲಿ ಹಾಕಿಸಿದ್ದು ಮೇ ತನಕ ಚೆನ್ನಾಗಿ ಉರಿಯುತ್ತದೆ. ಜುಲೈ ಬಂತು ಅಂದರೆ ರಾತ್ರಿ ಊಟ ಮುಗಿಯುವ ಮೊದಲೇ ದೀಪ ಆರುತ್ತದೆ. ಆಮೇಲೆ ‘ಮಲೆನಾಡಿಗೆ ಸೋಲಾರ್ ಆಗಿಬರಲ್ಲ’ ಅನ್ನುವ ಮಾತು ಊರೆಲ್ಲ ಸುತ್ತುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಸೋಲಾರ್ ಖಂಡಿತ ಆಗಿಬರುತ್ತದೆ. ಲೆಕ್ಕ ಮಾತ್ರ ಜುಲೈ ಕೊನೆಯ ಪುಷ್ಯ ಮಳೆಗೆ ಹಾಕಬೇಕು.

ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತುಕೊಳ್ಳಿ. ಪ್ಯಾನೆಲ್ ವಿಷಯ ಸದ್ಯಕ್ಕೆ ಬೇಡ. ಶೆಡ್ಡಿನಲ್ಲಿ ಏನೇನು ಉರಿಯಬೇಕು, ಎಷ್ಟು ಹೊತ್ತು ಉರಿಯಬೇಕು, ಅಷ್ಟೇ ಬರೆಯಿರಿ. 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು, ದಿನಕ್ಕೆ 4 ಗಂಟೆ. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ 72 ವ್ಯಾಟ್-ಗಂಟೆ ಆಯಿತು. ಹೊರಗಡೆ 5 ವ್ಯಾಟಿನ ಒಂದು ದೀಪ ರಾತ್ರಿಯಿಡೀ, ಅಂದರೆ 11 ಗಂಟೆ. ಅದು 55. ಎರಡು ಮೊಬೈಲ್ ಚಾರ್ಜಿಗೆ 30 ಇಟ್ಟುಕೊಳ್ಳಿ. ಒಂದು ರೇಡಿಯೋ, ಅದಕ್ಕೆ 12 ಸಾಕು. ಎಲ್ಲ ಕೂಡಿಸಿದರೆ ಸುಮಾರು 170. ತಂತಿಯಲ್ಲಿ, ಬ್ಯಾಟರಿಯಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಅದಕ್ಕೆ ಕಾಲು ಭಾಗ ಸೇರಿಸಿ. 210ರ ಆಸುಪಾಸು ಬರುತ್ತದೆ. ಮನೆಯ ಬಿಲ್ಲಿನಲ್ಲಿ ಒಂದು ಯೂನಿಟ್ ಅಂತ ಬರುತ್ತದಲ್ಲ, ಅದು 1000 ವ್ಯಾಟ್-ಗಂಟೆ. ನಮ್ಮ ಶೆಡ್ಡಿಗೆ ಅದರ ಕಾಲು ಭಾಗವೂ ಬೇಡ.

ಇಲ್ಲೇ ಒಂದು ಮಾತು. ಈ ಪಟ್ಟಿಗೆ ನೀರಿನ ಮೋಟಾರ್ ಸೇರಿಸಬೇಡಿ. 1 ಎಚ್‌ಪಿ ಅಂದರೆ 746 ವ್ಯಾಟ್, ಅದೂ ಓಡುತ್ತಿರುವಾಗ. ಸ್ಟಾರ್ಟ್ ಆಗುವ ಆ ಒಂದು ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಪಂಪಿಗೆ ಬೇರೆಯೇ ಸೋಲಾರ್ ವ್ಯವಸ್ಥೆ ಇದೆ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ಅದಕ್ಕೆ ಸಹಾಯಧನವೂ ಕೊಟ್ಟಿದ್ದಾರೆ. ಆನೆ ಕಾಟ ಇರುವ ಆಲೂರು, ಸಕಲೇಶಪುರದ ಕಡೆ ಸೋಲಾರ್ ಬೇಲಿ ಹಾಕಿಸಿದವರಿಗೂ ಇದೇ ಮಾತು ಹೇಳುತ್ತೇನೆ. ಬೇಲಿಯ ಬ್ಯಾಟರಿ ಬೇಲಿಗೇ ಇರಲಿ. ಅದರಿಂದ ಬಲ್ಬಿಗೆ ತಂತಿ ಎಳೆದರೆ, ಬೇಲಿ ಸತ್ತಿದ್ದು ಆನೆ ಒಳಗೆ ಬಂದ ಮೇಲೇ ಗೊತ್ತಾಗುವುದು.

ಈಗ ಬಿಸಿಲು. ದಿನವಿಡೀ ಬೀಳುವ ಬೆಳಕನ್ನೆಲ್ಲ ನಡು ಮಧ್ಯಾಹ್ನದ ಗಟ್ಟಿ ಬಿಸಿಲಿನ ಲೆಕ್ಕಕ್ಕೆ ತಂದರೆ ಎಷ್ಟು ಗಂಟೆ ಆಗುತ್ತದೆ ಅನ್ನುವುದು ನಮಗೆ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆ ಸುಮಾರು 6 ಗಂಟೆ ಸಿಗುತ್ತದೆ. ಪುನರ್ವಸು, ಪುಷ್ಯ ಹಿಡಿದುಕೊಂಡ ಜುಲೈನಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ 3ರ ಆಸುಪಾಸಿಗೆ ಇಳಿಯುತ್ತದೆ. ಮೋಡ ಬಿಡದ ವಾರಗಳಲ್ಲಿ ಇನ್ನೂ ಕಮ್ಮಿ. ನಾನಂತೂ ಎರಡೂವರೆ ಅಂತಲೇ ಹಿಡಿಯುತ್ತೇನೆ. ಕಡೂರು, ಅರಸೀಕೆರೆಯವರು 4 ಹಿಡಿದರೂ ನಡೆಯುತ್ತದೆ.

210ನ್ನು ಎರಡೂವರೆಯಿಂದ ಭಾಗಿಸಿದರೆ 84 ವ್ಯಾಟ್. ಪ್ಯಾನೆಲಿನ ಹಿಂದೆ ಬರೆದಿರುವ ವ್ಯಾಟು ಪೂರ್ತಿ ಕೈಗೆ ಬರುವುದಿಲ್ಲ. ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಪೆಟ್ಟಿಗೆಗೆ ಕಂಟ್ರೋಲರ್ ಅನ್ನುತ್ತಾರೆ. ಸಾಧಾರಣ ಕಂಟ್ರೋಲರ್ ಹಾಕಿದರೆ ನೂರಕ್ಕೆ 70 ಬರುತ್ತದೆ ಅಂದುಕೊಳ್ಳಿ. ಹಾಗಾಗಿ ನಮಗೆ ಕನಿಷ್ಠ 120 ವ್ಯಾಟ್ ಬೇಕು. ಅಂಗಡಿಯಲ್ಲಿ 150ರದ್ದು ಸಿಕ್ಕರೆ ಅದನ್ನೇ ತನ್ನಿ. ಇದೇ ಲೆಕ್ಕವನ್ನು 6 ಗಂಟೆ ಬಿಸಿಲಿಗೆ ಹಾಕಿ ನೋಡಿ. 50 ವ್ಯಾಟ್ ಸಾಕು ಅಂತ ಬರುತ್ತದೆ. ಶೆಡ್ಡು ಅದೇ, ಬಲ್ಬು ಅದೇ. ಬೇಸಿಗೆಯಲ್ಲಿ 50, ಮಳೆಗಾಲದಲ್ಲಿ 120. ಜುಲೈನಲ್ಲಿ ದೀಪ ಆರುವುದು ಇದಕ್ಕೇ.

ದೊಡ್ಡ ಪ್ಯಾನೆಲ್ ಹಾಕಿ ಉಳಿದ ಎಂಟು ತಿಂಗಳು ಸುಮ್ನೆ ದಂಡ ಅಲ್ವಾ ಅಂತ ನೀವು ಕೇಳಬಹುದು. ಕಾಫಿ ತೋಟದವರಿಗೆ ಅದು ದಂಡವಾಗುವುದಿಲ್ಲ. ಡಿಸೆಂಬರಿನಲ್ಲಿ ಹಣ್ಣು ಕೊಯ್ದು ಕಣದಲ್ಲಿ ಹರಡಿರುತ್ತೀರಿ. ರಾತ್ರಿ ಕಳ್ಳರ ಭಯ. ಕಣಕ್ಕೆ 20 ವ್ಯಾಟಿನ ಫೋಕಸ್ ಲೈಟ್ ರಾತ್ರಿಯಿಡೀ ಉರಿಸಿದರೆ ಇನ್ನೊಂದು 220 ಸೇರುತ್ತದೆ. ಸೋರಿಕೆ ಸೇರಿ ಒಟ್ಟು 490ರ ಹತ್ತಿರ. ಆಗ ಬಿಸಿಲು 5 ಗಂಟೆ ಇರುತ್ತದೆ. 150 ವ್ಯಾಟಿನ ಪ್ಯಾನೆಲ್ 500 ದಾಟಿಸುತ್ತದೆ. ಮಳೆಗೆ ಅಂತ ಹಾಕಿದ್ದು ಕೊಯ್ಲಿಗೂ ಒದಗಿತು.

ಬ್ಯಾಟರಿಯ ಲೆಕ್ಕ ಸುಲಭ. ಬಿಸಿಲೇ ಕಾಣದ ಮೂರು ದಿನ ತಡೆಯಬೇಕು ಅಂದರೆ 630 ವ್ಯಾಟ್-ಗಂಟೆ. ಟ್ಯೂಬುಲರ್, ಅಂದರೆ ಸೀಸ-ಆಸಿಡ್ಡಿನ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು. ಹಾಗಾಗಿ ಎರಡರಷ್ಟು ಬೇಕು. 12 ವೋಲ್ಟಿನ 100 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ, ಎರಡನ್ನೂ ಗುಣಿಸಿ, 1200. ಹೆಚ್ಚೂಕಮ್ಮಿ ಸರಿಹೋಗುತ್ತದೆ. ಲಿಥಿಯಂ ಫಾಸ್ಫೇಟ್ ಆದರೆ ನೂರಕ್ಕೆ 80ರಷ್ಟು ಬಳಸಬಹುದು, 65 ಎಎಚ್ ಸಾಕು. ತೂಕವೂ ಅರ್ಧಕ್ಕಿಂತ ಕಡಿಮೆ. ಬೆಲೆ ಜಾಸ್ತಿ, ನಿಜ. ಆದರೂ ಮಲೆನಾಡಿನವರಿಗೆ ನಾನು ಇದನ್ನೇ ಹೇಳುತ್ತೇನೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದರೆ ಟ್ಯೂಬುಲರ್ ಬ್ಯಾಟರಿಯ ಒಳಗಿನ ಸೀಸದ ಪ್ಲೇಟಿಗೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಮೊದಲಿನ ಹಾಗೆ ತುಂಬುವುದಿಲ್ಲ. ಲಿಥಿಯಂಗೆ ಆ ತೊಂದರೆ ಇಲ್ಲ. ಟ್ಯೂಬುಲರೇ ಇಡುವುದಾದರೆ ಗಾಳಿ ಆಡುವ ಕಡೆ ಇಡಿ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ. ಪಕ್ಕದಲ್ಲಿ ಸ್ಪ್ರೇಯರಿನ ಪೆಟ್ರೋಲ್ ಕ್ಯಾನ್ ಬೇಡವೇ ಬೇಡ.

ಇನ್ವರ್ಟರ್ ಬೇಕಾ? ಬೇಡ. ಸಣ್ಣ ಇನ್ವರ್ಟರ್ ಆದರೂ, ಏನೂ ಉರಿಯದೆ ಸುಮ್ನೆ ಆನ್ ಇದ್ದರೂ 10 ವ್ಯಾಟಿನಷ್ಟು ತಿನ್ನಬಹುದು. 24 ಗಂಟೆಗೆ 240. ಶೆಡ್ಡಿನ ದೀಪ, ಮೊಬೈಲ್, ರೇಡಿಯೋ ಎಲ್ಲ ಸೇರಿದರೂ 170 ಇತ್ತು, ನೆನಪಿದೆಯಾ? ಬ್ಯಾಟರಿಯಿಂದ ನೇರವಾಗಿ ಉರಿಯುವ 12 ವೋಲ್ಟಿನ ಡಿಸಿ ಬಲ್ಬುಗಳನ್ನೇ ಕೇಳಿ ತನ್ನಿ.

ಇನ್ನು ನೆರಳು. ನನ್ನ ಪ್ರಕಾರ ಕಾಫಿ ತೋಟದಲ್ಲಿ ಸೋಲಾರ್ ಕೆಡುವುದು ಹೆಚ್ಚಾಗಿ ಇದರಿಂದಲೇ. ಪ್ಯಾನೆಲ್ ಒಳಗೆ ಸಾಮಾನ್ಯವಾಗಿ 36 ಬಿಲ್ಲೆಗಳು ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಒಂದು ಬಿಲ್ಲೆ ಮೇಲೆ ನೆರಳು ಬಿದ್ದರೆ, ನೀರು ಹರಿಯುವ ಪೈಪನ್ನು ಒಂದು ಕಡೆ ಕಾಲಲ್ಲಿ ಮೆಟ್ಟಿದ ಹಾಗೆ. ಉಳಿದ 35 ಬಿಲ್ಲೆ ಬಿಸಿಲಲ್ಲಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಮೆಣಸು ಹಬ್ಬಿದ ಒಂದು ಸಿಲ್ವರ್ ಮರದ ನೆರಳು ಪ್ಯಾನೆಲಿನ ಮೂಲೆಗೆ ಬರುವ ಹೊತ್ತಿನಲ್ಲಿ ಕಂಟ್ರೋಲರ್ ಮುಂದೆ ನಿಂತು ನೋಡಿ. 6 ಆಂಪಿಯರ್ ತೋರಿಸುತ್ತಿದ್ದ ಅಂಕಿ ನೆರಳು ಒಂದು ಬಿಲ್ಲೆ ಪೂರ್ತಿ ಮುಚ್ಚುವಷ್ಟರಲ್ಲಿ 1ರ ಹತ್ತಿರ ಇಳಿಯುತ್ತದೆ. ಮಳೆಗೆ ಮೊದಲು ಹೇಗೂ ಮರಗಸಿ ಮಾಡಿಸಿ ನೆರಳಿನ ಮರದ ಕೊಂಬೆ ಕಡಿಸುತ್ತೀರಿ. ಆಗ ಶೆಡ್ಡಿನ ಸುತ್ತ ಇನ್ನೂ ಸ್ವಲ್ಪ ತೆರವು ಮಾಡಿಸಿ. ಆಗದಿದ್ದರೆ ಪ್ಯಾನೆಲನ್ನು ಕಣದ ಅಂಚಿಗೆ ತನ್ನಿ. ಕಣ ಹೇಗೂ ಬಿಸಿಲು ನೋಡಿಯೇ ಮಾಡಿದ ಜಾಗ.

ಆದರೆ ದೂರ ಹೋದಂತೆ ತಂತಿ ದಪ್ಪ ಆಗಬೇಕು. 10 ಮೀಟರ್ ದೂರಕ್ಕೆ ಎರಡೂವರೆ ಎಂಎಂ ತಂತಿ ಎಳೆದು 8 ಆಂಪಿಯರ್ ಹರಿಸಿದರೆ, ಹೋಗಿಬರುವ ದಾರಿಯಲ್ಲಿ 1 ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. 12 ವೋಲ್ಟಿನಲ್ಲಿ ಅದು ದೊಡ್ಡ ನಷ್ಟ. 6 ಎಂಎಂ ತಾಮ್ರದ ತಂತಿ ಹಾಕಿದರೆ ನಷ್ಟ ಅರ್ಧ ವೋಲ್ಟಿನಷ್ಟಕ್ಕೆ ಇಳಿಯುತ್ತದೆ.

ಪ್ಯಾನೆಲಿನ ಮುಖ ದಕ್ಷಿಣಕ್ಕೆ ಇರಲಿ, ಆದರೆ ತುಂಬಾ ಓರೆ ಬೇಡ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ನಮಗೆ ಬೆಳಕಿನ ಬರ ಇರುವುದೂ ಆಗಲೇ. 10ರಿಂದ 13 ಡಿಗ್ರಿ ಓರೆ ಸಾಕು. ಎಲೆ, ಪಾಚಿ ನಿಲ್ಲದೆ ಮಳೆ ನೀರಿನ ಜೊತೆ ಜಾರಿಹೋಗಲು ಅಷ್ಟು ಇರಲೇಬೇಕು.

ಕಂಟ್ರೋಲರ್ 20 ಆಂಪಿಯರಿನದು ಇರಲಿ. ಪ್ಯಾನೆಲ್ 12 ವೋಲ್ಟಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ಮನೆ ಮಾಡಿಗೆ ಹಾಕುವ ದೊಡ್ಡ ಪ್ಯಾನೆಲಿನ ವೋಲ್ಟೇಜ್ ಜಾಸ್ತಿ. ಅದಕ್ಕೆ ಆ ವೋಲ್ಟೇಜನ್ನು ಬ್ಯಾಟರಿಗೆ ಹೊಂದಿಸಿಕೊಡುವ ಎಂಪಿಪಿಟಿ ಕಂಟ್ರೋಲರೇ ಬೇಕು, ಇಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚು ಪೋಲು. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿಸಿ. ಇಲಿ ತಂತಿ ಕಡಿದು ಎರಡೂ ಒಂದಕ್ಕೊಂದು ತಾಗಿದರೆ ಶೆಡ್ಡಿಗೆ ಬೆಂಕಿ ಬೀಳದ ಹಾಗೆ ತಡೆಯುವುದು ಅದೇ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೊದಲು ಪ್ಯಾನೆಲ್ ಸ್ಟ್ಯಾಂಡಿಗೆ ಅರ್ಥಿಂಗ್ ಆಗಿರಲಿ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ ಕೊಡಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದಲು, ಬ್ಯಾಟರಿ ಕೊನೆಗೆ. ಬ್ಯಾಟರಿ ಇಲ್ಲದೆ ಬರೀ ಪ್ಯಾನೆಲ್ ಕೊಟ್ಟರೆ ಕೆಲವು ಕಂಟ್ರೋಲರ್‌ಗಳು ಅಲ್ಲೇ ಸುಟ್ಟುಹೋಗುತ್ತವೆ. ಜೋಡಿಸುವ, ಬಿಚ್ಚುವ ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿ. ಅಲ್ಲಿ ಮಲಗುವವರಿಗೂ ಒಮ್ಮೆ ಓದಿ ಹೇಳಿ.

ನಮಸ್ಕಾರ.