ಕೆರೆಯ ತಳದ ಕೊಬ್ಬು: ಸಯನೋಬ್ಯಾಕ್ಟೀರಿಯಾ ಬಿಟ್ಟುಹೋದ ಗುರುತು

[ತೆರೆಯ ಮೇಲೆ: ಸೂಕ್ಷ್ಮದರ್ಶಕದ ಚಿತ್ರ]

ನಮಸ್ಕಾರ. ಇದು ಮಣಿಸರದ ಹಾಗೆ ಕಾಣುತ್ತದೆ, ಅಲ್ವಾ? ಇದರ ಹೆಸರು ಅನಾಬಿನಾ. ನೀಲಿ-ಹಸಿರು ಪಾಚಿ ಅನ್ನುತ್ತಾರೆ, ಆದರೆ ನಿಜಕ್ಕೂ ಇದು ಬ್ಯಾಕ್ಟೀರಿಯಾ; ಇಂಥವನ್ನೇ ಸಯನೋಬ್ಯಾಕ್ಟೀರಿಯಾ ಅನ್ನುವುದು. ಹತ್ತು-ಇಪ್ಪತ್ತು ಮಣಿಗೊಂದು ದಪ್ಪ ಗೋಡೆಯ ಮಣಿ ಇದೆ ನೋಡಿ, ಅದು ಹೆಟೆರೋಸಿಸ್ಟ್. ನಾನಿವತ್ತು ಹೇಳಬೇಕಿರುವುದು ಆ ಗೋಡೆಯ ಬಗ್ಗೆ.

ಗಾಳಿಯಲ್ಲಿ ಸಾರಜನಕ 78% ಇದ್ದರೂ ಹೆಚ್ಚಿನ ಜೀವಿಗಳಿಗೆ ಅದು ನೇರವಾಗಿ ದಕ್ಕುವುದಿಲ್ಲ. ಇದಕ್ಕೆ ದಕ್ಕುತ್ತದೆ, ಯಾಕೆಂದರೆ ಹೆಟೆರೋಸಿಸ್ಟ್ ಒಳಗೆ ನೈಟ್ರೋಜನೇಸ್ ಎಂಬ ಕಿಣ್ವ ಇದೆ. ಆದರೆ ಆಮ್ಲಜನಕ ತಾಗಿದರೆ ಆ ಕಿಣ್ವ ಕೆಟ್ಟುಹೋಗುತ್ತದೆ. ಪಕ್ಕದ ಕೋಶಗಳೋ, ಬಿಸಿಲಲ್ಲಿ ಆಹಾರ ತಯಾರಿಸುತ್ತಾ ಆಮ್ಲಜನಕ ಬಿಡುತ್ತಲೇ ಇರುತ್ತವೆ! ಅದಕ್ಕೇ ಹೆಟೆರೋಸಿಸ್ಟ್ ಸುತ್ತಲೂ ಕೊಬ್ಬಿನ ಪದರ ಕಟ್ಟಿಕೊಳ್ಳುತ್ತದೆ. 26 ಅಥವಾ 28 ಕಾರ್ಬನ್‌ಗಳ ಉದ್ದನೆಯ ಸರಪಳಿ, ತುದಿಗೆ ಒಂದು ಸಕ್ಕರೆ. ಹೆಸರು ಹೆಟೆರೋಸಿಸ್ಟ್ ಗ್ಲೈಕೋಲಿಪಿಡ್.

[ತೆರೆಯ ಮೇಲೆ: ಕೊಳವೆಯಲ್ಲಿ ತೆಗೆದ ಕೆಸರು, ಪದರ ಪದರವಾಗಿ]

ಕೋಶ ಸತ್ತು ತಳಕ್ಕೆ ಇಳಿದ ಮೇಲೂ ಈ ಕೊಬ್ಬು ಉಳಿಯುತ್ತದೆ. ಸುಮಾರು 4.9 ಕೋಟಿ ವರ್ಷ ಹಳೆಯ ಕೆಸರಿನಲ್ಲೂ ಸಿಕ್ಕಿದೆ ಅಂದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಕೆರೆಗೆ ರಂಜಕ ಜಾಸ್ತಿ ಹರಿದು ಬಂದು ಸಾರಜನಕ ಸಾಲದೆ ಹೋದಾಗ ಇಂಥ ಸಯನೋಬ್ಯಾಕ್ಟೀರಿಯಾಗಳ ಕೈ ಮೇಲಾಗಬಹುದು. ಯಾವ ಪದರದಿಂದ ಈ ಕೊಬ್ಬು ಏರಿದೆ ಅಂತ ನೋಡಿದರೆ, ಯಾರೂ ಬರೆದಿಡದ ಕಾಲದ ನೀರಿನ ಸ್ಥಿತಿಯ ಸುಳಿವು ಸಿಗುತ್ತದೆ.

ಇನ್ನೂ ಇದೆ. ಈ ಕೊಬ್ಬಿಗೆ ಕೀಟೋ-ಆಲ್, ಡಯೋಲ್ ಅಂತ ಸ್ವಲ್ಪ ಬೇರೆ ರಚನೆಯ ಎರಡು ರೂಪಗಳಿವೆ. ನೀರು ಬೆಚ್ಚಗಾದಂತೆ ಕೀಟೋ-ಆಲ್ ರೂಪ ಕಡಿಮೆಯಾಗಿ ಡಯೋಲ್ ರೂಪದ ಪಾಲು ಹೆಚ್ಚುತ್ತದೆ, ಹಾಗಾಗಿ ಎರಡರ ಅನುಪಾತದಿಂದ ಹಳೆಯ ಉಷ್ಣತೆಯನ್ನು ಅಂದಾಜು ಮಾಡುತ್ತಾರೆ. ಸಕ್ಕರೆಯೂ ಸುಮ್ನೆ ಕೂತಿಲ್ಲ: ಸ್ವತಂತ್ರವಾಗಿ ಬದುಕುವವುಗಳಲ್ಲಿ ಆರು ಕಾರ್ಬನ್‌ನ ಸಕ್ಕರೆ, ಸಮುದ್ರದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಜೊತೆ ಬಾಳುವ ರಿಚೀಲಿಯಾ ಎಂಬ ಸಯನೋಬ್ಯಾಕ್ಟೀರಿಯಾದಲ್ಲಿ ಐದು ಕಾರ್ಬನ್‌ನದು.

ಯಾವ ಕೊಬ್ಬನ್ನಾದರೂ ಹೀಗೆ ನಂಬಬಹುದಾ? ಇಲ್ಲ. ಹಳೆಯ ಕಲ್ಲುಗಳಲ್ಲಿ 2-ಮೀಥೈಲ್ ಹೋಪೇನ್ ಎಂಬ ಕೊಬ್ಬಿನ ಅವಶೇಷ ಸಿಕ್ಕರೆ ಅದು ಸಯನೋಬ್ಯಾಕ್ಟೀರಿಯಾದ್ದೇ ಅಂತ 1999ರಿಂದ ನಂಬಿದ್ದರು. 2007ರಲ್ಲಿ ನೋಡಿದರೆ, ಅದರ ಮೂಲ ಅಣುವನ್ನು ಬೇರೆಯದೇ ಬ್ಯಾಕ್ಟೀರಿಯಾ ಕೂಡ ಮಾಡುತ್ತಿತ್ತು. ಗ್ಲೈಕೋಲಿಪಿಡ್ ಮೇಲೆ ನನಗೆ ಹೆಚ್ಚು ನಂಬಿಕೆ, ಅದಕ್ಕೆ ಒಂದೇ ಖಾಸಾ ಕೆಲಸ ಇದೆ.

ಆದರೂ ಒಂದು ಎಚ್ಚರ. ಬೆಚ್ಚನೆಯ ಸಮುದ್ರಗಳಲ್ಲಿ ಭಾರೀ ಪ್ರಮಾಣದಲ್ಲಿ ಸಾರಜನಕ ಹಿಡಿಯುವ ಟ್ರೈಕೋಡೆಸ್ಮಿಯಂ ಎಂಬ ಸಯನೋಬ್ಯಾಕ್ಟೀರಿಯಾ ಹೆಟೆರೋಸಿಸ್ಟ್ ಮಾಡುವುದೇ ಇಲ್ಲ. ಅಲ್ಲಿನ ಕೆಸರಿನಲ್ಲಿ ಈ ಕೊಬ್ಬು ಸಿಗಲಿಲ್ಲ ಅಂತ ಸಾರಜನಕ ಹಿಡಿಯುವವರೇ ಇರಲಿಲ್ಲ ಅನ್ನುವಂತಿಲ್ಲ. ಆಗ ಸಾರಜನಕದ ಐಸೋಟೋಪ್‌ಗಳನ್ನೂ, ಅಂದರೆ ಬೇರೆ ಬೇರೆ ತೂಕದ ಸಾರಜನಕ ಪರಮಾಣುಗಳನ್ನೂ, ಅಳೆದು ನೋಡಬೇಕು.