ಎಂಜಿನ್ ಆಮೇಲೆ, ಮೊದಲು ಆಕ್ಸಲ್ ಹಿಡಿಯಿರಿ

ನಮಸ್ಕಾರ. ಕೊಡಗಿನ ಎಲ್ಲ ಕೇಳುಗರಿಗೂ, ಅದರಲ್ಲೂ ಗ್ಯಾರೇಜಿನಲ್ಲಿ ರೇಡಿಯೋ ಹಾಕಿಕೊಂಡು ಗಾಡಿ ಕೆಳಗೆ ಮಲಗಿರುವ ಹುಡುಗರಿಗೆ ನಮಸ್ಕಾರ. ಇವತ್ತಿನ ಮಾತು ನಿಮಗೇ.

ನಮ್ಮ ಕಡೆ ಕೆಸರಿನ ರೇಸು, ಆಟೋಕ್ರಾಸ್ ಎಲ್ಲ ಹಳೇದು. ಈಗೀಗ ಕೆಲವರಿಗೆ ಡ್ರ್ಯಾಗ್ ರೇಸಿನ ಹುಚ್ಚು ಹಿಡಿದಿದೆ. ನೇರ ದಾರಿ, ಕಾಲು ಮೈಲಿ, ಅಂದರೆ 402 ಮೀಟರ್. ತಿರುವಿಲ್ಲ, ಏರಿಲ್ಲ, ಇಳಿಜಾರಿಲ್ಲ. ಕೊಡಗಿನಲ್ಲಿ ಅಂಥ ದಾರಿ ಎಲ್ಲಿದೆ ಅಂತ ನೀವು ಕೇಳಬಹುದು. ಇಲ್ಲ. ಹೊರಗಡೆ ಏರ್‌ಸ್ಟ್ರಿಪ್‌ಗಳಲ್ಲಿ ನಡೆಸುತ್ತಾರೆ, ಅಲ್ಲಿಗೆ ಹೋಗಿ. ಕುಶಾಲನಗರದ ರಸ್ತೆಯಲ್ಲಿ ರಾತ್ರಿ ಹೊತ್ತು ಓಡಿಸುವವರು ದಯವಿಟ್ಟು ನನ್ನ ಹತ್ತಿರ ಬರಬೇಡಿ.

ನನ್ನ ಹತ್ತಿರ ಪಿಕಪ್ ತರುವ ಹುಡುಗರ ಮೊದಲ ಮಾತೇ ಎಂಜಿನ್. "ಅಂಕಲ್, ರೀಮ್ಯಾಪ್ ಆಗಿದೆ, ಇನ್ನು ದೊಡ್ಡ ಟರ್ಬೋ ಕೂರಿಸಬೇಕು." ರೀಮ್ಯಾಪ್ ಅಂದರೆ ಶಕ್ತಿ ಜಾಸ್ತಿ ಬರುವ ಹಾಗೆ ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವುದು, ಟರ್ಬೋ ಅಂದರೆ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಪಂಪು. ನಾನು ಹೇಳುವುದು ಒಂದೇ. ಎಂಜಿನ್ ಆಮೇಲೆ. ಮೊದಲು ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರ ಸೇರಿಸುವ ಅಚ್ಚು, ಅದನ್ನು ಹಿಡಿಯಿರಿ.

ಯಾಕೆ ಅಂತ ಹೇಳ್ತೀನಿ. ಪಿಕಪ್‌ನ ಹಿಂದೆ ಇರುವುದು ಪ್ಲೇಟ್ ಸ್ಪ್ರಿಂಗ್, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಅದಕ್ಕೆ ಎರಡು ಕೆಲಸ. ಮೂಟೆ ಹೊರುವುದು ಒಂದು. ಆಕ್ಸಲ್ ಹೌಸಿಂಗ್, ಅಂದರೆ ಆಕ್ಸಲ್ಲಿನ ಹೊರಗಿನ ಕವಚ, ಉರುಳದ ಹಾಗೆ ಹಿಡಿದುಕೊಳ್ಳುವುದು ಇನ್ನೊಂದು. ಈ ಎರಡನೇ ಕೆಲಸ ಯಾರಿಗೂ ನೆನಪಿರುವುದಿಲ್ಲ. ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲವೇ ಹೌಸಿಂಗನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಹೌಸಿಂಗಿನ ಮೂತಿ, ಅಂದರೆ ಗೇರ್‌ಬಾಕ್ಸಿನಿಂದ ಬರುವ ಉದ್ದನೆ ಶಾಫ್ಟು, ನಮ್ಮ ಗ್ಯಾರೇಜ್ ಭಾಷೆಯಲ್ಲಿ ಜಾಯಿಂಟ್, ಬಂದು ಸೇರುವ ಪಿನಿಯನ್ ಹಲ್ಲುಚಕ್ರದ ಕಡೆ, ಮೇಲಕ್ಕೇಳುತ್ತದೆ. ಒಂದು ಬಿದಿರಿನ ಸೀಳಿನ ಎರಡೂ ತುದಿ ಆನಿಸಿ, ನಡುವೆ ಬಿಗಿಯಾಗಿ ಹಿಡಿದು ಮಣಿಕಟ್ಟು ತಿರುಗಿಸಿ ನೋಡಿ. ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ತಗ್ಗುತ್ತದೆ. ನಿಮ್ಮ ಸ್ಪ್ರಿಂಗಿಗೆ ಆಗುವುದೂ ಅದೇ.

ಎಷ್ಟು ಬಲ ಅಂತೀರಾ? ಎಂಜಿನ್ 360 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ ಅಂದ್ಕೊಳ್ಳಿ. ಮೊದಲ ಗೇರಿನಲ್ಲಿ ಅದು ನಾಲ್ಕು ಪಟ್ಟು. ಆಕ್ಸಲ್ಲಿನ ಹಲ್ಲುಚಕ್ರದ ಜೋಡಿ ಕ್ರೌನ್ ಪಿನಿಯನ್‌ನಲ್ಲಿ ಮತ್ತೆ ನಾಲ್ಕು ಪಟ್ಟು. ಒಟ್ಟು 5,760. ಇಷ್ಟನ್ನೂ ನಾಲ್ಕೈದು ಪ್ಲೇಟು ತಡೀಬೇಕು. ತಡೆಯೋದಿಲ್ಲ. ಬಾಗುತ್ತವೆ, ಚಿಮ್ಮಿ ವಾಪಸ್ ಬರುತ್ತವೆ, ಆ ಕ್ಷಣ ಟೈರಿನ ಮೇಲಿನ ಭಾರ ಹೋಗಿ ಹಿಡಿತ ತಪ್ಪುತ್ತದೆ, ಮತ್ತೆ ಹಿಡಿಯುತ್ತದೆ, ಮತ್ತೆ ಬಾಗುತ್ತವೆ. ಗಾಡಿಯ ಹಿಂಭಾಗ ದಡದಡ ಅಂತ ಕುಣಿಯುತ್ತದೆ. ಇದಕ್ಕೆ ವೀಲ್ ಹಾಪ್ ಅಂತಾರೆ. ಇಲ್ಲಿ ಇನ್ನೂ ಐವತ್ತು ಕುದುರೆ ಶಕ್ತಿ ಸೇರಿಸಿದರೆ ಇನ್ನೂ ಜೋರಾಗಿ ಕುಣಿಯುತ್ತದೆ, ಅಷ್ಟೇ.

ಸಿದ್ದಾಪುರದ ಕಡೆಯ ಒಬ್ಬ ಹುಡುಗನ ಕಥೆ ಹೇಳಲೇಬೇಕು. ಮನೆಯ ಪಿಕಪ್. ಕೊಯ್ಲಿನ ಕಾಲದಲ್ಲಿ ಕಾಫಿ ಮೂಟೆ, ಆಮೇಲೆ ಮೆಣಸು, ಉಳಿದ ಸಮಯದಲ್ಲಿ ಇವನ ರೇಸು. ಹೊರಡುವಾಗ ಗಾಡಿ ಕುಣಿಯುತ್ತೆ ಅಂತ ಕ್ಲಚ್ ಬದಲಿಸಿದ. ಹೋಗಲಿಲ್ಲ. ಗೇರ್‌ಬಾಕ್ಸ್ ಮೌಂಟಿಂಗ್ ಬದಲಿಸಿದ. ಹೋಗಲಿಲ್ಲ. ಕೊನೆಗೆ ಜಾಯಿಂಟಿನ ಕೀಲು, ಅಂದರೆ ಕ್ರಾಸೇ ಮುರಿದು ಗಾಡಿಯನ್ನು ಎಳೆದುಕೊಂಡು ಬಂದರು. ಜೊತೆಗೆ ಅವರಪ್ಪನೂ ಬಂದಿದ್ದರು. ಅವರಿಗೆ ರೇಸು ಬೇಡ, ಏನೂ ಬೇಡ. "ನೀವು ಏನಾದರೂ ಮಾಡಿ ಸಾರ್, ಜನವರಿಗೆ ಇದು ಮೂಟೆ ಹೊರಬೇಕು" ಅಂದರು.

ಕ್ರಾಸ್ ಹಾಕಿ, ಹುಡುಗನ ಫೋನನ್ನೇ ಚಾಸಿಗೆ ಟೇಪ್ ಸುತ್ತಿ ಕಟ್ಟಿ, ಕ್ಯಾಮೆರಾ ಸ್ಪ್ರಿಂಗ್ ಕಡೆ ತಿರುಗಿಸಿಟ್ಟೆ. ಅವರದೇ ಕಾಫಿ ಕಣದಲ್ಲಿ ಒಮ್ಮೆ ಜೋರಾಗಿ ಹೊರಡಿಸಿದ. ಆಮೇಲೆ ವಿಡಿಯೋ ನಿಧಾನ ಮಾಡಿ ನೋಡಿದೆವು. ಸ್ಪ್ರಿಂಗಿನ ಮುಂದಿನ ಅರ್ಧ ಮೇಲಕ್ಕೆ ಡೊಂಕಾಗಿ, ಹಿಂದಿನ ಅರ್ಧ ಕೆಳಕ್ಕೆ ಹೋಗಿ, ಹೌಸಿಂಗಿನ ಮೂತಿ ಆಕಾಶ ನೋಡುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ "ಇದು ನಮ್ಮ ಗಾಡಿನಾ?" ಅಂದರು. ಕಣದ ಸಿಮೆಂಟಿನ ಮೇಲೆ ಟೈರಿನ ಗುರುತು ಗೆರೆಯಾಗಿರಲಿಲ್ಲ, ತುಂಡು ತುಂಡು ಕಪ್ಪು ಮಚ್ಚೆ. ಟೈರು ನೆಲ ಬಿಟ್ಟು ಬಿಟ್ಟು ಹಿಡಿದಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಇನ್ನೆರಡು ಪ್ಲೇಟು ಸೇರಿಸೋಣ ಅಂದ ಹುಡುಗ. ಸೇರಿಸಿದರೆ ಖಾಲಿ ಗಾಡಿ ಕಲ್ಲಾಗುತ್ತದೆ, ಹಿಂಭಾಗ ಸ್ವಲ್ಪವೂ ತಗ್ಗೋದಿಲ್ಲ. ಅದರ ಬದಲು ಟ್ರ್ಯಾಕ್ಷನ್ ಬಾರ್ ಹಾಕಿದೆವು. ದೊಡ್ಡ ವಿದ್ಯೆ ಏನಲ್ಲ. ದಪ್ಪ ಚೌಕದ ಪೈಪು, ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟಿನ ಜೊತೆ ಆಕ್ಸಲ್ ಕೆಳಗೆ ಬಿಗಿದು, ಸ್ಪ್ರಿಂಗಿನ ಕೆಳಗೆ ಮುಂದಕ್ಕೆ ಹೋಗುತ್ತದೆ. ತುದಿಯಲ್ಲಿ ಗಟ್ಟಿ ರಬ್ಬರ್. ಹೌಸಿಂಗ್ ಮೂತಿ ಎತ್ತಿದ ತಕ್ಷಣ ಬಾರಿನ ತುದಿಯೂ ಎದ್ದು ಸ್ಪ್ರಿಂಗಿನ ಮುಂದಿನ ಕಣ್ಣಿಗೆ, ಅಂದರೆ ಚಾಸಿಗೆ ಸಿಕ್ಕಿಸುವ ತುದಿಯ ಬಳೆಗೆ, ಒತ್ತಿ ನಿಲ್ಲುತ್ತದೆ. ಅಲ್ಲಿಗೆ ತಿರುಚುವುದು ಮುಗಿಯಿತು. ಆ ಒತ್ತು ಚಾಸಿಯನ್ನು ಮೇಲೆತ್ತಿ ಟೈರನ್ನು ನೆಲಕ್ಕೆ ಅದುಮುತ್ತದೆ, ಅದು ಲಾಭ. ಮೂಟೆ ಹೊರುವಾಗ ಪ್ಲೇಟುಗಳು ಮೊದಲಿನ ಹಾಗೇ ಕೆಲಸ ಮಾಡುತ್ತವೆ. ಅಪ್ಪನಿಗೂ ಸಮಾಧಾನ.

ಆದರೆ ಬಾರ್ ಮಾಡಿಕೊಟ್ಟ ವೆಲ್ಡರ್ ಅದನ್ನು ಗೇಣುದ್ದ ಗಿಡ್ಡ ಮಾಡಿದ್ದ. ತುದಿ ಕಣ್ಣಿನ ಕೆಳಗೆ ಬರಲೇ ಇಲ್ಲ, ಸ್ಪ್ರಿಂಗಿನ ನಡುವೆ ಒತ್ತಿ ಮೇನ್ ಪ್ಲೇಟನ್ನೇ ಬಗ್ಗಿಸಿತು. ಬಾರಿನ ತುದಿ ಕಣ್ಣಿನ ನೇರ ಕೆಳಗೇ ಇರಬೇಕು. ಇದನ್ನು ಬರೆದಿಟ್ಟುಕೊಳ್ಳಿ. ಸರಿ ಮಾಡಿ ಹಾಕಿದ ಮೇಲೆ ಅದೇ ಕಣದಲ್ಲಿ ಉದ್ದಕ್ಕೆ ಒಂದೇ ಕಪ್ಪು ಗೆರೆ ಬಿತ್ತು. ಎಂಜಿನ್ನಿಗೆ ಒಂದು ಸ್ಪ್ಯಾನರ್ ಕೂಡ ತಾಗಿಸಿರಲಿಲ್ಲ.

ಒಂದೇ ಗೆರೆ ಯಾಕೆ, ಎರಡು ಬೇಕಲ್ವಾ ಅಂತ ಜಾಣರು ಕೇಳ್ತೀರಿ. ಜಾಯಿಂಟ್ ತಿರುಗುವ ಬಲಕ್ಕೆ ಹಿಂದಿನ ಬಲಗಡೆ ಚಕ್ರ ಹಗುರಾಗುತ್ತದೆ. ಎರಡು ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್ ಮಾಮೂಲಿಯದ್ದಾದರೆ ಹಗುರಾದದ್ದೇ ಸುಮ್ನೆ ಸುತ್ತುತ್ತದೆ. ಬಲಗಡೆ ಬಾರಿನ ರಬ್ಬರ್ ಕಣ್ಣಿಗೆ ಸ್ವಲ್ಪ ಹತ್ತಿರ ಇಡಿ, ಸಾಧ್ಯವಾದರೆ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ನೆ ಸುತ್ತದ ಹಾಗೆ ತಡೆಯುವ ಡಿಫರೆನ್ಷಿಯಲ್ ಹಾಕಿಸಿ. ಅಮೆರಿಕದ ಕ್ರೈಸ್ಲರ್‌ನವರು 1960ರ ದಶಕದಲ್ಲೇ ಡ್ರ್ಯಾಗ್ ಕಾರುಗಳಿಗೆ ಅಂತಲೇ ಮುಂದಿನ ಭಾಗ ಗಿಡ್ಡ ಮತ್ತು ಬಿಗಿ ಇರುವ ಪ್ಲೇಟ್ ಸ್ಪ್ರಿಂಗ್ ಮಾಡಿದ್ದರು, ಬಲಗಡೆಗೆ ಇನ್ನೂ ಬಿಗಿ. ನಾವು ಈಗ ಟರ್ಬೋ ಟರ್ಬೋ ಅಂತ ಕೂತಿದ್ದೀವಿ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡ್ತೀನಿ.

ತೋಟದ ದಾರಿಗೆ ಅಂತ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಟ್ಟು ಗಾಡಿ ಎತ್ತಿಸಿರುತ್ತೀರಲ್ಲ, ಡ್ರ್ಯಾಗಿಗೆ ಅದು ಬೇಡ. ಬ್ಲಾಕ್ ಎತ್ತರವಾದಷ್ಟೂ ತಿರುಚುವುದು ಜಾಸ್ತಿ. ದೊಡ್ಡ ಗುಬಟಿನ ಮಡ್ ಟೈರೂ ಬೇಡ, ಟಾರಿನ ಮೇಲೆ ಅದರಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಪಿಕಪ್ಪಿನ ಹಿಂದಿನ ಡಬ್ಬಿಗೆ ಮರಳು ಮೂಟೆ ಹಾಕುವವರಿದ್ದಾರೆ. ಹಿಡಿತ ಬರುತ್ತೆ, ಆ ಭಾರವನ್ನೂ ನೀವೇ ಎಳೀಬೇಕು, ಕಟ್ಟದೇ ಇದ್ದರೆ ಬ್ರೇಕ್ ಹಾಕಿದಾಗ ಮೂಟೆ ನಿಮ್ಮ ಬೆನ್ನಿಗೇ ಬರುತ್ತದೆ. ಅದರ ಬದಲು ಬ್ಯಾಟರಿ ಹಿಂದಕ್ಕೆ ಹಾಕಿಸಿ. ಮುಂದಿನ ಶಾಕ್ ಅಬ್ಸಾರ್ಬರ್ ಮೇಲಕ್ಕೆ ಸಲೀಸಾಗಿ ಬಿಡುವಂಥದ್ದಿರಲಿ, ಮೂಗು ಬೇಗ ಎದ್ದು ಭಾರ ಹಿಂದಕ್ಕೆ ಬೇಗ ಬರಲಿ. ಎರಡು ಟನ್ ಗಾಡಿ ಸರಿಯಾಗಿ ಹೊರಟರೆ ಇನ್ನೂರು ಕಿಲೋಗಿಂತ ಜಾಸ್ತಿ ಭಾರ ಹಿಂದಿನ ಚಕ್ರಕ್ಕೆ ಬರುತ್ತದೆ, ಪುಕ್ಕಟೆ. ಆದರೆ ಇದೆಲ್ಲ ಆಕ್ಸಲ್ ಹಿಡಿದ ಮೇಲೆ. ಮೊದಲು ಆಕ್ಸಲ್.

ಇನ್ನೊಂದು. ಬಾರ್ ಹಾಕಿ ಒಂದೆರಡು ಸಲ ಓಡಿಸಿದ ಮೇಲೆ ಯು-ಬೋಲ್ಟಿನ ನಟ್ಟು ಮತ್ತೆ ಬಿಗಿ ಮಾಡಿ, ಎಷ್ಟು ಬಿಗಿ ಅಂತ ತೋರಿಸುವ ಟಾರ್ಕ್ ರೆಂಚ್ ಇಟ್ಟೇ ಮಾಡಿ. ಹೊಸದಾಗಿ ಬಿಗಿದದ್ದು ಕೂತುಕೊಂಡು ಸಡಿಲ ಆಗುತ್ತದೆ, ಸಡಿಲ ಆದರೆ ಪ್ಲೇಟುಗಳನ್ನು ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜಾರುತ್ತದೆ. ನಮಸ್ಕಾರ.