ನವಿಲಿಗೆ ನಕ್ಕಿದ್ದು ಸಾಕು, ಫೀಸ್ ನೋಡಿ

ಎಲ್ರಿಗೂ ನಮಸ್ಕಾರ. ವಿಮಾನದಲ್ಲಿ ಎಮೋಷನಲ್ ಸಪೋರ್ಟ್ ಪ್ರಾಣಿ, ಅಂದ್ರೆ ಮನಸ್ಸಿಗೆ ಧೈರ್ಯ ಕೊಡುತ್ತೆ ಅಂತ ಜೊತೆಗೆ ಕರ್ಕೊಂಡು ಹೋಗೋ ಪ್ರಾಣಿ, ಅಂದ ತಕ್ಷಣ ಜನ ನಗ್ತಾರೆ, ನಗಿ ಪರವಾಗಿಲ್ಲ, ಆದ್ರೆ ನಾನು ಬಂದಿರೋದೇ ಆ ನಗು ಜೊತೆ ಜಗಳ ಆಡೋಕೆ.

ನವಿಲಿನ ಕಥೆ ನಿಮಗೆ ಗೊತ್ತೇ ಇದೆ. 2018ರ ಜನವರಿ, ಅಮೆರಿಕದ ನ್ಯೂವಾರ್ಕ್ ಏರ್‌ಪೋರ್ಟು, ಡೆಕ್ಸ್‌ಟರ್ ಅನ್ನೋ ನವಿಲು ಲಗೇಜ್ ಟ್ರಾಲಿ ಮೇಲೆ ಮಹಾರಾಜನ ಥರ ಕೂತಿದೆ, ಬಾಲ ನೆಲದ ಕಡೆ ಇಳಿಬಿದ್ದಿದೆ, ಸುತ್ತ ಎಲ್ರೂ ಫೋಟೋ ತೆಗೀತಿದಾರೆ. ಯುನೈಟೆಡ್ ವಿಮಾನ ಕಂಪನಿಯವರು ಇದರ ಸೈಜು, ತೂಕ ಯಾವುದೂ ನಮ್ಮ ನಿಯಮಕ್ಕೆ ಹೊಂದಲ್ಲ, ಏರ್‌ಪೋರ್ಟಿಗೆ ಬರೋ ಮುಂಚೆನೇ ಮೂರು ಸಲ ಹೇಳಿದ್ವಿ ಅಂದ್ರು. ಷಣ್ಮುಖನಿಗೆ ನವಿಲು ವಾಹನ, ಇಲ್ಲಿ ನವಿಲಿಗೇ ವಾಹನ ಹುಡುಕೋ ಪಾಡು! ಕೊನೆಗೆ ನವಿಲಿನ ಒಡತಿ ಅದನ್ನ ಕರ್ಕೊಂಡು ರಸ್ತೆ ಮೇಲೇ ಲಾಸ್ ಏಂಜಲೀಸ್‌ಗೆ ಹೊರಟ್ರು. ಆದ್ರೆ ಒಂದು ವಿಷಯ ಯಾರೂ ಗಮನಿಸಲಿಲ್ಲ, ಒಡತಿ ಆ ನವಿಲಿಗೆ ಅಂತ ಬೇರೆ ಸೀಟೇ ತಗೊಂಡಿದ್ರಂತೆ. ಅಂದ್ರೆ ನಾವು ಇಷ್ಟು ನಕ್ಕಿದ್ದು ದುಡ್ಡು ಕೊಟ್ಟವರನ್ನ ನೋಡಿ.

ದುಡ್ಡು ಕೊಡದೇ ಇದ್ದೋರು ಯಾರು? ಆಗ ಸಾಕು ನಾಯಿನ ಕ್ಯಾಬಿನ್‌ನಲ್ಲಿ ಕರ್ಕೊಂಡು ಹೋಗೋಕೆ ಒಂದು ಕಡೆಗೆ ಸುಮಾರು 125 ಡಾಲರ್ ಫೀಸು. ಅದೇ ನಾಯಿಗೆ ಮಾನಸಿಕ ಆರೋಗ್ಯ ತಜ್ಞರ ಒಂದು ಪತ್ರ ಇದ್ರೆ ಫ್ರೀ. ಪತ್ರನ ಆನ್‌ಲೈನಲ್ಲಿ ಮಾರೋರು ಹುಟ್ಕೊಂಡ್ರು, ಇನ್ನೇನಾಗುತ್ತೆ ಹೇಳಿ. ವಿಮಾನ ಕಂಪನಿಗಳ ಸಂಘವೇ ಕೊಟ್ಟ ಲೆಕ್ಕ, 2016ರಲ್ಲಿ 4,81,000 ಸಪೋರ್ಟ್ ಪ್ರಾಣಿಗಳು, 2017ರಲ್ಲಿ 7,51,000. ಒಂದೇ ವರ್ಷದಲ್ಲಿ ಅಷ್ಟೊಂದು ಜನರ ಮನಸ್ಸು ಕೆಟ್ಟೋಯ್ತಾ? ಫೀಸು ಸ್ವಾಮಿ, ಫೀಸು.

2018ರ ಅಕ್ಟೋಬರಲ್ಲಿ ಓರ್ಲ್ಯಾಂಡೋದಲ್ಲಿ ಒಬ್ರು ಅಳಿಲು ಹಿಡ್ಕೊಂಡು ಫ್ರಾಂಟಿಯರ್ ವಿಮಾನ ಹತ್ತಿದ್ರು, ಅವರನ್ನ ಇಳಿಸೋಕೆ ಇಡೀ ವಿಮಾನ ಖಾಲಿ ಮಾಡಿಸಬೇಕಾಯ್ತು. ಇಲಿ ಜಾತಿ (ಅಳಿಲೂ ಅದರಲ್ಲೇ ಬರುತ್ತೆ), ಹಾವು, ಜೇಡ ಇವನ್ನೆಲ್ಲ ಹತ್ತಿಸಲೇಬೇಕು ಅಂತ ನಿಯಮ ಆಗಲೂ ಇರಲಿಲ್ಲ! ಟಿಕೆಟ್ ಮಾಡಿಸುವಾಗ ಸಪೋರ್ಟ್ ಪ್ರಾಣಿ ಅಂತ ಹೇಳಿದ್ರು, ಅಳಿಲು ಅಂತ ಮಾತ್ರ ಹೇಳಿರಲಿಲ್ಲ.

ನಗು ನಿಲ್ಲೋದು ಇಲ್ಲಿ. 2017ರ ಜೂನಲ್ಲಿ ಅಟ್ಲಾಂಟಾದಲ್ಲಿ ಡೆಲ್ಟಾ ವಿಮಾನದೊಳಗೆ ಕಿಟಕಿ ಸೀಟಲ್ಲಿ ಕೂತವರ ಮುಖಕ್ಕೇ ಪಕ್ಕದವರ ಸಪೋರ್ಟ್ ನಾಯಿ ಬಾಯಿ ಹಾಕ್ತು, ಎದ್ದು ಓಡೋಕೂ ದಾರಿ ಇಲ್ಲ. ಕಣ್ಣು ಕಾಣದವರ ಗೈಡ್ ನಾಯಿಗೆ ತಿಂಗಳುಗಟ್ಟಲೆ ಟ್ರೈನಿಂಗ್ ಇರುತ್ತೆ, ಅದರ ಮೇಲೆ ಏನೂ ಕಲೀದ ನಾಯಿ ಎಗರಿದ್ರೆ ಕೆಡೋದು ಆ ನಾಯಿ ಒಂದೇ ಅಲ್ಲ, ಅದನ್ನ ನಂಬಿ ನಡೆಯೋರ ಓಡಾಟಾನೂ. ಯಾರೋ ಉಳಿಸಿದ 125 ಡಾಲರ್‌ನ ಇವರು ಕಟ್ಟಿದ ಹಾಗಾಯ್ತು.

ಚೀಟಿ ಬಂತು, ಐದು ನಿಮಿಷ ಅಂತೆ. ಕೆಂಪು ಶೂ ಹಾಕ್ಕೊಂಡು ಹಾರಿದ ಬಾತುಕೋಳಿ ಕಥೆ ಹೇಳೋಣ ಅಂತಿದ್ದೆ, ಬಿಡಿ. 2021ರ ಜನವರಿ 11ರಿಂದ ಅಮೆರಿಕದಲ್ಲಿ ಹೊಸ ನಿಯಮ, ಸಪೋರ್ಟ್ ಪ್ರಾಣಿನ ಫ್ರೀಯಾಗಿ ಬಿಡಲೇಬೇಕು ಅಂತಿಲ್ಲ, ಆ ಹಕ್ಕು ಅಂಗವಿಕಲರಿಗೆ ನೆರವಾಗೋ ಸರ್ವಿಸ್ ಪ್ರಾಣಿಗೆ ಮಾತ್ರ, ಸರ್ವಿಸ್ ಪ್ರಾಣಿ ಅಂದ್ರೆ ನಾಯಿ ಮಾತ್ರ, ಅದೂ ನಿರ್ದಿಷ್ಟ ಕೆಲಸಕ್ಕೆ ಟ್ರೈನಿಂಗ್ ಆಗಿರಬೇಕು, ಫಾರಂ ತುಂಬಬೇಕು, ಒಬ್ರಿಗೆ ಎರಡಕ್ಕಿಂತ ಹೆಚ್ಚಿಗೆ ಬಿಡಲೇಬೇಕು ಅಂತಿಲ್ಲ. ಮಾನಸಿಕ ಕಾಯಿಲೆಗೆ ಟ್ರೈನ್ ಆದ ನಾಯಿಗೂ ಅದೇ ಹಕ್ಕು, ಇದು ಒಳ್ಳೇದು. ಆದ್ರೆ ಬೆಕ್ಕು ಮಡಿಲಲ್ಲಿದ್ರೆ ಮಾತ್ರ ಉಸಿರಾಡೋಕಾಗೋರು ನಿಜವಾಗ್ಲೂ ಇದಾರೆ, ಅವರೂ ಈಗ ಪೆಟ್ ಫೀಸ್ ಕಟ್ತಾರೆ, ಕಂಪನಿಗೆ ಲಾಭ. ಆ ಫೀಸ್ ಇಳಿಸೋ ಮಾತು ಮಾತ್ರ ಯಾರೂ ಎತ್ತಲ್ಲ, ನಾನು ಎತ್ತಿದೀನಿ, ಮೈಕ್ ಆ ಕಡೆ ಕೊಡಿ, ಹಿಂದಿನ ಸಾಲಲ್ಲಿ ಯಾರೋ ಆಗಿನಿಂದ ಕೈ ಎತ್ಕೊಂಡು ಕೂತಿದಾರೆ.